ಕಾವಲಿಯ ಮುಂದೆ ಕಲಿತ ಸ್ಪ್ಯಾನಿಷ್

ನಾನು ಕಲಿತ ಮೊದಲ ಸ್ಪ್ಯಾನಿಷ್ ಕ್ರಿಯಾಪದ ಒಂದು ಮೆಂಡರಿನೊಳಗೆ ಅಡಗಿತ್ತು. 2022ರ ಆಗಸ್ಟ್‌ನಲ್ಲಿ ಮಗ ಮೆಕ್ಸಿಕೊದ ಗ್ವಾದಲಹಾರಾದಲ್ಲಿ ಒಂದನೇ ತರಗತಿಗೆ ಸೇರಿದಾಗ, ಶಾಲೆಯವರು ಕೊಟ್ಟ ಸಾಮಾನಿನ ಪಟ್ಟಿ ಹಿಡಿದು ಬೀದಿಯ ಮೂಲೆಯ ಪಾಪೆಲೆರೀಯಾಕ್ಕೆ, ಅಂದರೆ ಪುಸ್ತಕ ಪೆನ್ಸಿಲಿನ ಅಂಗಡಿಗೆ, ಹೋಗಿದ್ದೆ. ಕ್ವಾದೇರ್ನೊ ಎಂದರೆ ನೋಟ್‌ಬುಕ್, ಲಾಪಿಸ್ ಎಂದರೆ ಪೆನ್ಸಿಲು, ಗೋಮಾ ಎಂದರೆ ರಬ್ಬರು, ತಿಹೇರಾಸ್ ಎಂದರೆ ಕತ್ತರಿ. ಇವನ್ನೆಲ್ಲ ಮನೆಯಲ್ಲೇ ನೋಡಿಕೊಂಡು ಹೋಗಿದ್ದೆ. ‘ಸಾಕಾಪೂಂತಾಸ್’ ಮಾತ್ರ ಯಾವುದೋ ಯಂತ್ರವಿರಬೇಕು ಎಂದುಕೊಂಡಿದ್ದೆ. ಅಂಗಡಿಯಾಕೆ ನಕ್ಕು ಹೆಬ್ಬೆರಳ ಗಾತ್ರದ ಮೆಂಡರ್ ಕೈಗಿಟ್ಟರು. ಸಾಕಾ ಎಂದರೆ ತೆಗೆಯುತ್ತದೆ, ಪೂಂತಾಸ್ ಎಂದರೆ ಮೊನೆಗಳು. ಮೊನೆ ತೆಗೆಯುವಂಥದ್ದು.

ಆಗ ನಾನು ಮೊಬೈಲಿನಲ್ಲಿ ಇಂಗ್ಲಿಷಿನ ಮೂಲಕ ಸ್ಪ್ಯಾನಿಷ್ ಕಲಿಯುತ್ತಿದ್ದೆ. ಕ್ರಿಯಾಪದದ ಕೊನೆ ಕರ್ತೃವಿಗೆ ತಕ್ಕಂತೆ ಬದಲಾಗುತ್ತದೆ ಎಂಬುದನ್ನು ಅಲ್ಲಿ ದೊಡ್ಡ ಗಂಡಾಂತರವೆಂಬಂತೆ ಹೇಳುತ್ತಿದ್ದರು. ನಾನೂ ಹೆದರಿದೆ. ಒಂದು ದಿನ ಅಡುಗೆಮನೆಯಲ್ಲಿ ನಿಂತು ಲೆಕ್ಕ ಹಾಕಿದೆ: ತಿನ್ನುತ್ತೇನೆ, ತಿನ್ನುತ್ತೀಯೆ, ತಿನ್ನುತ್ತಾನೆ, ತಿನ್ನುತ್ತಾಳೆ, ತಿನ್ನುತ್ತದೆ, ತಿನ್ನುತ್ತೇವೆ, ತಿನ್ನುತ್ತೀರಿ, ತಿನ್ನುತ್ತಾರೆ, ತಿನ್ನುತ್ತವೆ. ಒಂಬತ್ತು! ಮೆಕ್ಸಿಕೊದಲ್ಲಿ ಬೇಕಾಗುವುದು ಐದೇ: ಕೋಮೊ, ಕೋಮೆಸ್, ಕೋಮೆ, ಕೊಮೇಮೊಸ್, ಕೋಮೆನ್. ‘ತಿನ್ನುತ್ತೇನೆ’ ಎಂದರೆ ‘ನಾನು’ ಬೇಕಿಲ್ಲ. ‘ಕೋಮೊ’ ಎಂದರೂ ಬೇಕಿಲ್ಲ. ಅಂದಿನಿಂದ ಇಂಗ್ಲಿಷನ್ನು ನಡುವೆ ಕೂರಿಸುವುದನ್ನು ಬಿಟ್ಟೆ. ಫ್ರಿಜ್ಜಿನ ಮೇಲೆ ಅಂಟಿಸಿದ ಚೀಟಿಗಳನ್ನೂ ಕನ್ನಡ ಲಿಪಿಯಲ್ಲೇ ಬರೆದೆ. ಸ್ಪ್ಯಾನಿಷಿನ ತ, ದ ನಮ್ಮ ತ, ದಗಳಂತೆಯೇ ಹಲ್ಲಿಗೆ ತಾಗುತ್ತವೆ.

ಅಭ್ಯಾಸವೆಂದರೆ ಕೆಲಸ ಮಾಡುತ್ತಾ ಗೊಣಗುವುದು, ಅಷ್ಟೇ. ಪೋಂಗೊ ಲಾ ಮೇಸಾ, ಊಟದ ಮೇಜಿಗೆ ತಟ್ಟೆ ಲೋಟ ಇಡುತ್ತೇನೆ. ಲಾಬೊ ಲಾ ಓಯಾ, ಪಾತ್ರೆ ತೊಳೆಯುತ್ತೇನೆ. ಬಾರ್ರೊ ಲಾ ಕೊಸೀನಾ, ಅಡುಗೆಮನೆ ಗುಡಿಸುತ್ತೇನೆ. ಇಲ್ಲಿ ತೋರ್ತಿಯಾ ಎಂಬ ರೊಟ್ಟಿ ಬೇಯಿಸುವ ಕೊಮಾಲ್ ನಮ್ಮ ಕಾವಲಿಯೇ. ಅದರ ಮೇಲೆ ದೋಸೆ ಹೊಯ್ಯುತ್ತಲೇ ಅರ್ಧ ವ್ಯಾಕರಣ ಮುಗಿಯಿತು. ಕುಮಟಾದವಳಾದ ನನಗೆ ಕೆಲವು ಪದಗಳಂತೂ ಪುಕ್ಕಟೆ ಸಿಕ್ಕವು. ನಮ್ಮ ಕಡೆಯ ಚಾವಿಯೂ (ಬೀಗದ ಕೈ) ಇಗರ್ಜಿಯೂ (ಚರ್ಚು) ಪೋರ್ಚುಗೀಸರು ಬಿಟ್ಟುಹೋದವು. ಪೋರ್ಚುಗೀಸಿನ ದಾಯಾದಿಯಾದ ಸ್ಪ್ಯಾನಿಷಿನಲ್ಲಿ ಅವು ಯಾಬೆ, ಇಗ್ಲೇಸ್ಯಾ.

ಬದಲಾಗುವ ಧಾತುಗಳು ಸ್ವಲ್ಪ ಕಾಡಿದವು. ತ್ಯೇನೆ ಎಂದರೆ ಅವನ ಬಳಿ ಇದೆ, ತೆನೇಮೊಸ್ ಎಂದರೆ ನಮ್ಮ ಬಳಿ ಇದೆ. ಒಂದರಲ್ಲಿ ‘ತ್ಯೇ’, ಇನ್ನೊಂದರಲ್ಲಿ ‘ತೆ’ ಏಕೆ? ಒತ್ತು ಧಾತುವಿನ ಮೇಲೆ ಬಿದ್ದಾಗ ಮಾತ್ರ ಸ್ವರ ಒಡೆಯುತ್ತದೆ. ಒತ್ತು ಮುಂದಕ್ಕೆ ಸರಿದರೆ ಹಾಗೆಯೇ ಉಳಿಯುತ್ತದೆ. ದ್ವೇರ್ಮೊ, ದೊರ್ಮೀಮೊಸ್, ಅಂದರೆ ಮಲಗುವುದು, ಅದೂ ಹೀಗೆಯೇ. ಬಾಯಲ್ಲಿ ಹೇಳಿ ನೋಡಿದ ಮೇಲೆ ಕೋಷ್ಟಕ ಉರು ಹೊಡೆಯಬೇಕಾಗಲಿಲ್ಲ.

ಇಂಗ್ಲಿಷ್ ಪಾಠಗಳು ವಿಚಿತ್ರವೆಂದು ತೋರಿಸುವ ‘ಮೆ ಗೂಸ್ತಾ’ ನನಗೆ ವಿಚಿತ್ರವೆನಿಸಲೇ ಇಲ್ಲ. ಮೆ ಗೂಸ್ತಾ ಎಲ್ ಅರ್ರೋಸ್: ನನಗೆ ಅನ್ನ ಇಷ್ಟ. ಮೆ ದ್ವೇಲೆ ಲಾ ಕಾಬೇಸಾ: ನನಗೆ ತಲೆ ನೋಯುತ್ತದೆ. ಅದೇ ‘ನನಗೆ’. ಈ ಹುಮ್ಮಸ್ಸಿನಲ್ಲಿ ‘ನನಗೆ ಹಸಿವು’ ಎನ್ನಲು ‘ಮೆ ಆಂಬ್ರೆ’ ಎಂದುಬಿಟ್ಟೆ. ಅಲ್ಲಿ ‘ತೇಂಗೊ ಆಂಬ್ರೆ’ ಎನ್ನಬೇಕು, ಹಸಿವನ್ನು ಹೊಂದಿದ್ದೇನೆ ಎಂದು. ಬಾಯಾರಿಕೆ, ನಿದ್ದೆ, ಚಳಿಗೂ ತೇಂಗೊ. ಕನ್ನಡ ಇಷ್ಟು ದೂರ ಬಂದು ಕೈಬಿಡುವ ಜಾಗ ಇದು.

ಇನ್ನೊಂದು ಎಡವಟ್ಟು ಶಾಲೆಯಲ್ಲೇ ಆಯಿತು. ಸ್ಪ್ಯಾನಿಷಿನಲ್ಲಿ ‘ಇರು’ ಎಂಬುದಕ್ಕೆ ಎರಡು ಧಾತುಗಳು, ಸೇರ್ ಮತ್ತು ಎಸ್ತಾರ್. ಮಗನಿಗೆ ತರಗತಿಯಲ್ಲಿ ಬೇಸರ ಬರುತ್ತಿದೆ ಎನ್ನಲು ಶಿಕ್ಷಕಿಗೆ ‘ಮಿ ಈಹೊ ಎಸ್ ಆಬುರ್ರೀದೊ’ ಎಂದೆ. ಅದರರ್ಥ, ನನ್ನ ಮಗ ಬೇಸರ ಹುಟ್ಟಿಸುವ ಹುಡುಗ! ಅವರು ‘ಇಲ್ಲ ಸೆನ್ಯೋರಾ, ತುಂಬ ಚೂಟಿ ಹುಡುಗ’ ಎಂದು ಅವನ ಪರವಾಗಿ ವಾದಿಸಿದರು. ನಾನಂದ ‘ಎಸ್’ ಸೇರ್‌ನ ರೂಪ, ಬೇಕಿದ್ದದ್ದು ಎಸ್ತಾರ್‌ನ ‘ಎಸ್ತಾ’. ಆಮೇಲೆ ನಾನೇ ಒಂದು ಅಡ್ಡದಾರಿ ಕಂಡುಕೊಂಡೆ: ಕನ್ನಡದಲ್ಲಿ ಕ್ರಿಯಾಪದವೇ ಬೇಡದ ಕಡೆ ಸೇರ್, ‘ಇದೆ, ಇದ್ದೇನೆ’ ಎನ್ನುವ ಕಡೆ ಎಸ್ತಾರ್. ‘ಅವರು ಶಿಕ್ಷಕಿ’ ಎಂದರೆ ಎಸ್ ಮಾಯೇಸ್ತ್ರಾ. ‘ಮನೆಯಲ್ಲಿದ್ದೇನೆ’ ಎಂದರೆ ಎಸ್ತೋಯ್ ಎನ್ ಕಾಸಾ. ‘ಹಾಲು ತಣ್ಣಗಿದೆ’ ಎಂದರೆ ಲಾ ಲೇಚೆ ಎಸ್ತಾ ಫ್ರೀಯಾ. ‘ಎತ್ತರವಾಗಿದ್ದಾನೆ’ ಎಂಬಲ್ಲಿ ಈ ದಾರಿ ಕುಸಿಯುತ್ತದೆ, ಅದು ‘ಎಸ್ ಆಲ್ತೊ’. ಆದರೂ ದಿನದ ಮಾತಿಗೆ ಸಾಕು.

ನನಗೆ ನಿಜವಾಗಿ ನಾಚಿಕೆಯಾದದ್ದು ಬೇರೆ ವಿಷಯಕ್ಕೆ. ಎಪ್ಪತ್ತು ದಾಟಿದ ಪಕ್ಕದ ಮನೆಯ ಹಿರಿಯರನ್ನು ತಿಂಗಳುಗಟ್ಟಲೆ ‘ಕ್ಯೇರೆಸ್ ಕಾಫೇ’ ಎಂದು ಕೇಳುತ್ತಿದ್ದೆ. ಕಾಫಿ ಬೇಕೇನೇ ಎಂದಂತೆ! ‘ತು’ ಎಂದರೆ ನೀನು, ‘ಉಸ್ತೆದ್’ ಎಂದರೆ ನೀವು. ಇಂಗ್ಲಿಷಿಗೆ ಆ ಭೇದವಿಲ್ಲ. ಊರಿನಲ್ಲಿ ಎಂದೂ ಮಾಡದ ತಪ್ಪನ್ನು ಅದು ನನ್ನಿಂದ ಮಾಡಿಸಿತ್ತು. ಉಸ್ತೆದ್‌ಗೆ ‘ಅವನು, ಅವಳು’ಗಳ ಕ್ರಿಯಾರೂಪವೇ ಬರುತ್ತದೆ: ಕ್ಯೇರೆ ಕಾಫೇ? ಹಿಂದೆ ಅದು ‘ತಮ್ಮ ದಯೆ’ ಎಂಬಂಥ ಗೌರವದ ಸಂಬೋಧನೆಯಾಗಿತ್ತು. ‘ರಾಯರು ಕಾಫಿ ಕುಡಿಯುತ್ತಾರೋ?’ ಎಂದು ರಾಯರನ್ನೇ ಕೇಳುವ ಹಾಗೆ.

ತಿದ್ದಿಕೊಂಡು ಕೇಳಿದ ದಿನ ಆಕೆ ಕಾಫಿ ಲೋಟ ಕೆಳಗಿಟ್ಟು, ಒಲೆಯ ಮೇಲೆ ಏನೋ ಇಟ್ಟುಬಂದದ್ದು ನೆನಪಾಗಿ ಎದ್ದರು. ಬಾಗಿಲಲ್ಲಿ ತಿರುಗಿ, ‘ಆಓರೀತಾ ಬೇಂಗೊ’ ಎಂದರು. ಈಗ ಬರುತ್ತೇನೆ. ಹೊರಡುವಾಗ ‘ಹೋಗುತ್ತೇನೆ’ ಎನ್ನಬಾರದು ಎಂದು ಗದರುತ್ತಿದ್ದ ನನ್ನ ಅಜ್ಜಿ ನೆನಪಾದರು. ಇಲ್ಲಿಯ ‘ಆಓರೀತಾ’ ಐದು ನಿಮಿಷವೂ ಆಗಬಹುದು, ನಾಳೆಯೂ ಆಗಬಹುದು. ಕಾಫಿಯ ಮೇಲೆ ತಟ್ಟೆ ಮುಚ್ಚಿಟ್ಟೆ.