ಸೋಮವಾರ ಮಧ್ಯಾಹ್ನ ನಾನು ನೋಡಿದ ಕ್ಲೋರಿನ್ ರಿಜಿಸ್ಟರ್

2025ರ ಜನವರಿ ಕೊನೆಯ ವಾರ. ಪುಣೆಯ ಸಿಂಹಗಡ ರಸ್ತೆಯ ಆಸುಪಾಸು, ನಾಂದೇಡ ಗಾಂವ್, ಕಿರಕಟವಾಡಿ, ಧಾಯರಿ ಎಲ್ಲ ಕಡೆ ಒಂದೇ ಮಾತು: ಜಿಬಿಎಸ್, ಅಂದರೆ ಕೈಕಾಲಿನ ಬಲ ಕುಂದಿಸುವ ಗಿಯಾನ್-ಬಾರೆ ಸಿಂಡ್ರೋಮ್ ಎಂಬ ನರರೋಗ. ಅನುಮಾನವೆಲ್ಲ ನೀರಿನ ಮೇಲೆ. ಧಾಯರಿಯ ನಮ್ಮ ಹೌಸಿಂಗ್ ಸೊಸೈಟಿಯಲ್ಲಿ ನೀರಿನ ಉಸ್ತುವಾರಿ ನನ್ನದು. ಹಿಂಬದಿಯ ಶೆಡ್ಡುಗಳಲ್ಲಿ ಇಂಡಿ, ಸಿಂದಗಿ ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದವರಿದ್ದಾರೆ. ಕುಡಿಯುವ ನೀರನ್ನು ನಮ್ಮ ನಲ್ಲಿಯಿಂದಲೇ ಒಯ್ಯುತ್ತಾರೆ. ಅವರಲ್ಲೊಬ್ಬಾಕೆ ಕೊಡ ಹಿಡಿದು ನಿಂತು ಕೇಳಿದಳು: “ಅಣ್ಣಾರ, ಈ ನೀರು ಕುಡೀಬೇಕೋ ಬ್ಯಾಡೋ, ಒಂದ್ ಮಾತು ಹೇಳ್ರಿ. ಹುಡುಗರು ಸಣ್ಣವು ಅದಾವ.”

ನನಗೆ ಹೇಳಲು ಬರಲಿಲ್ಲ. ಪತ್ರಿಕೆಯಲ್ಲಿ ದಿನವೂ ಒಟ್ಟು ರೋಗಿಗಳ ಸಂಖ್ಯೆ ಬರುತ್ತಿತ್ತು. ಅದರಿಂದ ಅವಳ ಕೊಡಕ್ಕೆ ಉತ್ತರ ಸಿಗುವುದಿಲ್ಲ.

ಸೊಸೈಟಿಯ ಸಭೆಯಲ್ಲಿ ಕೆಲವರು ರೋಗಿಗಳ ಹೆಸರಿನ ಪಟ್ಟಿ ತರಿಸಿ ಎಂದರು. ನಾನು ಒಪ್ಪಲಿಲ್ಲ. ಜಿಬಿಎಸ್ ಒಬ್ಬರಿಂದೊಬ್ಬರಿಗೆ ಅಂಟುವುದಿಲ್ಲ. ಹೆಚ್ಚಾಗಿ ಹೊಟ್ಟೆಯದೋ ಬೇರೆಯದೋ ಸೋಂಕಿನ ಬೆನ್ನಿಗೆ ದೇಹದ ರಕ್ಷಣಾ ವ್ಯವಸ್ಥೆಯೇ ನರಗಳ ಮೇಲೆ ತಿರುಗಿ ಬೀಳುತ್ತದೆ. ಆಗ ಕೆಲವು ರೋಗಿಗಳ ಮಲದಲ್ಲಿ ಕ್ಯಾಂಪಿಲೋಬ್ಯಾಕ್ಟರ್ ಎಂಬ, ಕೆಟ್ಟ ನೀರು, ಆಹಾರದಿಂದ ಹೊಟ್ಟೆ ಸೇರುವ ಬ್ಯಾಕ್ಟೀರಿಯಾ ಸಿಕ್ಕಿತ್ತು. ಹಾಗಿದ್ದಮೇಲೆ ಯಾರಿಗೆ ಬಂತು ಎಂದು ಹುಡುಕಿ ಒಂದು ಮನೆಯವರನ್ನು ದೂರ ಮಾಡುವುದು ಬಿಟ್ಟರೆ ಮತ್ತೇನು ಸಾಧ್ಯ? ಕಾನೂನೂ ಖಾಸಗಿ ವಿವರಕ್ಕೆ ರಕ್ಷಣೆ ಕೊಟ್ಟಿದೆ. ನಮಗೆ ಬೇಕಿದ್ದದ್ದು ಎರಡು: ಯಾವ ಊರಿನಲ್ಲಿ ಎಷ್ಟು ಜನ, ನಮ್ಮ ಲೈನಿನ ನೀರನ್ನು ಯಾವ ದಿನ ಎಲ್ಲಿ ಪರೀಕ್ಷಿಸಿದರು.

ಮಾಹಿತಿ ಹಕ್ಕಿನ ಅರ್ಜಿ ಹಾಕಿದೆ. ಮಹಾರಾಷ್ಟ್ರದಲ್ಲಿ ಅದಕ್ಕೆ ‘ಜೋಡಪತ್ರ ಅ’ ನಮೂನೆ, 10 ರೂಪಾಯಿಯ ಕೋರ್ಟ್ ಫೀ ಸ್ಟಾಂಪು. ಒಂದೇ ವಿಷಯ, 150 ಪದದೊಳಗೆ. ಜೀವಕ್ಕೆ ಸಂಬಂಧಿಸಿದ್ದಾದರೆ 48 ಗಂಟೆಯೊಳಗೆ ಕೊಡಬೇಕೆಂಬ ನಿಯಮವನ್ನೂ ಉಲ್ಲೇಖಿಸಿದೆ. ಉತ್ತರ ಬಂದದ್ದು ಫೆಬ್ರವರಿ ಕೊನೆಗೆ. ಅಷ್ಟು ದಿನ ಆಕೆ ಕೊಡ ಹಿಡಿದು ನಿಲ್ಲಲಾರಳು.

ಕೆಲಸಕ್ಕೆ ಬಂದದ್ದು ಬೇರೆ ದಾರಿ. ಪ್ರತಿ ಸೋಮವಾರ ಮಧ್ಯಾಹ್ನ 3ರಿಂದ 5ರವರೆಗೆ ಸ್ಥಳೀಯ ಸಂಸ್ಥೆಗಳ ಕಚೇರಿಗಳಲ್ಲಿ ಅರ್ಜಿ ಇಲ್ಲದೆಯೇ ಕಡತ ನೋಡಬಹುದೆಂದು ರಾಜ್ಯ ಸರ್ಕಾರ 2018ರಲ್ಲೇ ಆದೇಶ ಮಾಡಿತ್ತು. ಜನವರಿ 27ರ ಸೋಮವಾರ ಆ ಆದೇಶದ ಪ್ರತಿ ಹಿಡಿದು ಹೋದೆ. “ನೀರಿನ ಮಾಹಿತಿ ಕೊಡಿ” ಎಂದಾಗ ಗುಮಾಸ್ತರು ಬರೀ ಮುಖ ನೋಡಿದರು. “ಓಟಿ ಟೆಸ್ಟಿನ ರಿಜಿಸ್ಟರ್” ಎಂದ ಕೂಡಲೇ ಕಪಾಟು ತೆರೆದರು. ರೋಗಾಣು ಕೊಲ್ಲಲು ಹಾಕುವ ಕ್ಲೋರಿನ್ ನೀರಿನಲ್ಲಿ ಎಷ್ಟು ಉಳಿದಿದೆ ಎಂದು ನೋಡುವ ಪರೀಕ್ಷೆ ಅದು. ಕಾಗದವನ್ನು ಅವರು ಕರೆಯುವ ಹೆಸರಿನಲ್ಲೇ ಕೇಳಬೇಕು. ಇದನ್ನು ಕಲಿಯಲು ನನಗೆ ಒಂದು ಗಂಟೆ ಹಿಡಿಯಿತು.

ಬೆರಳಿಟ್ಟು ಸಾಲು ಸಾಲು ಓದಿದೆ. ಮನೆಯ ನಲ್ಲಿಯಲ್ಲಿ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು. ನಮ್ಮ ರಸ್ತೆಯ ಸಾಲುಗಳಲ್ಲಿ ಅಷ್ಟಿತ್ತು. ಸಮಾಧಾನವಾಯಿತು, ಆದರೆ ಪೂರ್ತಿ ನಂಬಿಕೆ ಬರಲಿಲ್ಲ. ಬರುವಾಗ ಒಂದು ಪರೀಕ್ಷಾ ಕಿಟ್ ಕೊಂಡು ತಂದೆ. ರಸ್ತೆಯ ಲೈನಿನ ನೀರಿಗೆ ಹನಿ ಹಾಕಿದರೆ ತಿಳಿ ಹಳದಿ. ನಮ್ಮ ನೆಲದ ಟ್ಯಾಂಕಿನ ನೀರಿಗೆ ಹಾಕಿದರೆ ಬಣ್ಣವೇ ಇಲ್ಲ. ಕ್ಲೋರಿನ್ ಬಂದು ನಮ್ಮ ಅಂಗಳದಲ್ಲೇ ಸಾಯುತ್ತಿತ್ತು. ಟ್ಯಾಂಕಿನ ಮುಚ್ಚಳ ತೆಗೆದಾಗ ತಳದಲ್ಲಿ ಬೆರಳುದ್ದ ಕೆಸರು. ಆ ಟ್ಯಾಂಕು ನನ್ನ ಜವಾಬ್ದಾರಿ; ಎಷ್ಟು ತಿಂಗಳಿಂದ ತೊಳೆಸಿಲ್ಲ ಎಂದು ಸಭೆಯಲ್ಲಿ ಹೇಳಿದೆ. ರಿಜಿಸ್ಟರ್ ನೋಡದಿದ್ದರೆ ತಪ್ಪೆಲ್ಲ ಪೈಪಿನದೇ ಎಂದುಕೊಂಡು ಕೂತಿರುತ್ತಿದ್ದೆವು.

ಎರಡು ದಿನದಲ್ಲಿ ತೊಳೆಸಿ, ಬ್ಲೀಚಿಂಗ್ ಪುಡಿ ಹಾಕಿಸಿದೆವು. ಅಲ್ಲಿಯವರೆಗೆ ಕಾಯಿಸಿಯೇ ಕುಡಿಯಿರೆಂದು ಶೆಡ್ಡುಗಳಿಗೆ ಹೋಗಿ ಹೇಳಿ ಬಂದೆ. ಆಮೇಲೆ ನಲ್ಲಿಯ ಪಕ್ಕ ಕಪ್ಪು ಹಲಗೆ ತೂಗುಹಾಕಿ, ಬೆಳಿಗ್ಗೆ 7ಕ್ಕೆ ಅವತ್ತಿನ ಕ್ಲೋರಿನ್ ಎಷ್ಟೆಂದು ಮರಾಠಿ, ಹಿಂದಿ, ಕನ್ನಡ ಮೂರರಲ್ಲೂ ಬರೆಯತೊಡಗಿದೆ.

ಮಾರ್ಚಿನಲ್ಲಿ ಒಂದು ದಿನ ಕಿಟ್ಟಿನ ದ್ರವ ಮುಗಿದು ಹಲಗೆ ಖಾಲಿ ಉಳಿಯಿತು. ಏಳೂವರೆಗೆ ಬಾಗಿಲು ಬಡಿದ ಸದ್ದು. “ಅಣ್ಣಾರ, ಇವತ್ತ ಯಾಕ ಬರ್ದಿಲ್ರಿ?” ಆಕೆಯ ಕೊಡ ಇನ್ನೂ ಖಾಲಿಯೇ ಇತ್ತು. ಚಪ್ಪಲಿ ಮೆಟ್ಟಿ ಅಂಗಡಿಗೆ ಹೊರಟೆ.