ಒಂದು ಟ್ರಿಪ್ಪಿನಲ್ಲಿ ಎಷ್ಟು ಆವರ್ತ?

ಸಂಡೂರಿನ ಗಣಿಗಳಿಂದ ರೈಲ್ವೆ ಸೈಡಿಂಗಿಗೆ ಅದಿರು ಸಾಗಿಸುವ ಟಿಪ್ಪರುಗಳಿಗೆ ಬಳ್ಳಾರಿಯ ನಮ್ಮ ವರ್ಕ್‌ಶಾಪಿನಲ್ಲಿ ಬಾಡಿ ಕಟ್ಟುತ್ತೇವೆ. ಎರಡು ಗಾಡಿಗಳಲ್ಲಿ, ಸುಮಾರು ಹದಿನಾಲ್ಕು ತಿಂಗಳ ಓಡಾಟದ ನಂತರ, ಬಾಡಿ ತಿರುಗಿ ಏಳುವ ಹಿಂಜ್ ಬ್ರಾಕೆಟ್ಟನ್ನು ಸಬ್‌ಫ್ರೇಮಿಗೆ ಬೆಸೆದ ವೆಲ್ಡಿಂಗಿನ ಅಂಚಿನಲ್ಲಿ ಕೂದಲೆಳೆಯಂತಹ ಬಿರುಕು ಕಾಣಿಸಿತು. ದಿನಕ್ಕೆ ಎಂಟು ಟ್ರಿಪ್ ಎಂದರೆ ಅಷ್ಟರಲ್ಲಿ ಸುಮಾರು 3,400 ಟ್ರಿಪ್ ಆಗಿದ್ದವು. ಬ್ರಾಕೆಟ್ ಎಲ್ಲಿಯೂ ಬಾಗಿರಲಿಲ್ಲವಾದ್ದರಿಂದ ಇದು ಮತ್ತೆ ಮತ್ತೆ ಬೀಳುವ ಲೋಡಿನಿಂದಾದ ಲೋಹದ ದಣಿವೇ ಎಂದು ನಿರ್ಧರಿಸಿ, ಅನ್ಸಿಸ್ ಎಂಬ ಎಂಜಿನಿಯರಿಂಗ್ ತಂತ್ರಾಂಶದಲ್ಲಿ ಫಟೀಗ್ (ದಣಿವಿನ) ಲೆಕ್ಕಕ್ಕೆ ಕುಳಿತೆ.

ಅನ್ಸಿಸ್‌ನ ಫಟೀಗ್ ಟೂಲ್, ನಾವು ಬದಲಿಸದ ಹೊರತು, ಲೋಡನ್ನು ‘ಫುಲಿ ರಿವರ್ಸ್ಡ್’ ಎಂದೇ ಹಿಡಿಯುತ್ತದೆ. ಅಂದರೆ ಬ್ರಾಕೆಟ್ಟನ್ನು ಎಷ್ಟು ಕೆಳಗೆ ಒತ್ತುತ್ತೇವೋ ಅಷ್ಟೇ ಮೇಲಕ್ಕೂ ಎಳೆಯುತ್ತೇವೆ ಎಂದು ಅದರ ಅರ್ಥ. ಬಾಡಿ ಎತ್ತುವಾಗ ಬರುವ ಗರಿಷ್ಠ ಸ್ಟ್ರೆಸ್ 120 ಮೆಗಾಪಾಸ್ಕಲ್ ಇದ್ದುದರಿಂದ ಈ ಆಯ್ಕೆಯಲ್ಲಿ ಒಂದು ಆವರ್ತದ ಸ್ಟ್ರೆಸ್ ಏರಿಳಿತ 240 ಆಗುತ್ತಿತ್ತು. ಅದಿರು ತುಂಬಿ ಸುರಿಯುವ ಬಾಡಿಗೆ ಇದು ಹೊಂದದು. ಸ್ಟ್ರೆಸ್ ಸೊನ್ನೆಯಿಂದ ಏರಿ ಮತ್ತೆ ಸೊನ್ನೆಗೆ ಇಳಿಯುವ ‘ಝೀರೋ ಬೇಸ್ಡ್’ ಆರಿಸಿ ಏರಿಳಿತವನ್ನು 120ಕ್ಕೆ ಇಳಿಸಿದೆ. ಎಷ್ಟು ಏರಿಳಿತಕ್ಕೆ ಎಷ್ಟು ಆವರ್ತ ತಾಳುತ್ತದೆ ಎಂದು ಹೇಳುವ ಮೂಲ ಉಕ್ಕಿನ ಕರ್ವ್ ಬೆಸುಗೆಗೆ ಸಲ್ಲದ ಕಾರಣ, ಬೆಸುಗೆಗಳಿಗೆಂದೇ ಇರುವ ಎಫ್‌ಎಟಿ 71 ವರ್ಗವನ್ನು ಕೊಟ್ಟೆ. 71 ಮೆಗಾಪಾಸ್ಕಲ್ ಏರಿಳಿತಕ್ಕೆ 20 ಲಕ್ಷ ಆವರ್ತ, ಕರ್ವಿನ ಇಳಿಜಾರು 3, ಅಂದರೆ ಏರಿಳಿತದ ಘನಕ್ಕೆ ತಕ್ಕಂತೆ ಆಯುಷ್ಯ ಕುಗ್ಗುತ್ತದೆ. ಉತ್ತರ ಸುಮಾರು 4,14,000 ಟ್ರಿಪ್, ಅಂದರೆ ನೂರನಲವತ್ತು ವರ್ಷ! ಬಿರುಕು ಬಿಟ್ಟ ಬ್ರಾಕೆಟ್ ಮಾತ್ರ ಮೇಜಿನ ಮೇಲೆಯೇ ಇತ್ತು.

ದಾರಿ ತೋರಿಸಿದವರು ಡ್ರೈವರ್. “ಎತ್ತೋವಾಗ ಏನೂ ಆಗಲ್ರೀ, ಲೋಡ್ ತುಂಬ್ಕೊಂಡು ಬರೋವಾಗ ಹಿಂದ ಕಟಕಟ ಅಂತೈತಿ ನೋಡ್ರಿ” ಎಂದರು. ಒಂದು ಟ್ರಿಪ್ಪನ್ನು ಒಂದೇ ಆವರ್ತವೆಂದು ಎಣಿಸಿದ್ದೇ ನನ್ನ ತಪ್ಪಾಗಿತ್ತು.

ವೆಲ್ಡಿಂಗಿನ ಹತ್ತಿರ ಲೋಹದ ಹಿಗ್ಗು-ಕುಗ್ಗು ಅಳೆಯುವ ಸ್ಟ್ರೇನ್ ಗೇಜ್ ಅಂಟಿಸಿ ಪೂರ್ಣ ಒಂದು ಟ್ರಿಪ್ ದಾಖಲಿಸಿದೆವು. ಮೊದಲ ಸಲ ಸೆಕೆಂಡಿಗೆ ಹತ್ತೇ ಓದು ಇಟ್ಟಿದ್ದರಿಂದ ಶಿಖರಗಳೆಲ್ಲ ತಪ್ಪಿಹೋದವು. ಮರುದಿನ 200ಕ್ಕೆ ಏರಿಸಿ ಮತ್ತೆ ಓಡಿಸಬೇಕಾಯಿತು. ಆ ದಾಖಲೆಯನ್ನು ‘ಹಿಸ್ಟರಿ ಡೇಟಾ’ ಆಗಿ ಕೊಟ್ಟಾಗ ತಂತ್ರಾಂಶ ರೈನ್‌ಫ್ಲೋ ವಿಧಾನದಲ್ಲಿ ಆವರ್ತಗಳನ್ನು ಬಿಡಿಸಿ ಎಣಿಸುತ್ತದೆ. 1968ರಲ್ಲಿ ಜಪಾನಿನ ಮತ್ಸುಯಿಶಿ ಮತ್ತು ಎಂಡೋ ಕೊಟ್ಟ ಈ ವಿಧಾನ ಸಣ್ಣ ಏರಿಳಿತಗಳನ್ನು ಎಣಿಸುವಾಗ ಟ್ರಿಪ್ಪಿನ ದೊಡ್ಡ ಏರಿಳಿತವನ್ನು ತುಂಡರಿಸದೆ ಇಡಿಯಾಗಿಯೇ ಹಿಡಿಯುತ್ತದೆ. ತುಂಬಿದ ಗಾಡಿಯ ಕುಲುಕಾಟವೆಲ್ಲ ಸೇರಿ 60 ಮೆಗಾಪಾಸ್ಕಲ್‌ನ ಸುಮಾರು 900 ಆವರ್ತಗಳಿಗೆ ಸಮನಾಗಿತ್ತು.

ಮೈನರ್ ನಿಯಮದಂತೆ ಹಾನಿಯನ್ನು ಕೂಡಿಸಿದಾಗ ವಿಷಯ ಸ್ಪಷ್ಟವಾಯಿತು. ಬಾಡಿ ಎತ್ತುವ ಒಂದು ದೊಡ್ಡ ಆವರ್ತದ ಹಾನಿ ಒಟ್ಟು ಆಯುಷ್ಯದ ಹತ್ತು ಲಕ್ಷದಲ್ಲಿ ಎರಡೂವರೆ ಪಾಲಿಗಿಂತ ಕಡಿಮೆ, ರಸ್ತೆಯ 900 ಆವರ್ತಗಳದ್ದು ಸುಮಾರು 272 ಪಾಲು. ಆಯುಷ್ಯ 3,650 ಟ್ರಿಪ್ ಎಂದು ಬಂತು. ಇಲ್ಲಿ ಎರಡು ಎಚ್ಚರಿಕೆ ಬೇಕು. ಹಿಸ್ಟರಿ ಡೇಟಾ ಕೊಟ್ಟ ಮೇಲೆ ಆಯುಷ್ಯ ಆವರ್ತಗಳಲ್ಲಿ ಅಲ್ಲ, ಬ್ಲಾಕ್‌ಗಳಲ್ಲಿ ಬರುತ್ತದೆ. ನಮ್ಮಲ್ಲಿ ಒಂದು ಬ್ಲಾಕ್ ಎಂದರೆ ಒಂದು ಟ್ರಿಪ್. ಬೆಸುಗೆಯಲ್ಲಿ ಉಳಿದಿರುವ ಎಳೆತದ ಸ್ಟ್ರೆಸ್ ಮೊದಲೇ ದೊಡ್ಡದಾದ್ದರಿಂದ ಸರಾಸರಿ ಸ್ಟ್ರೆಸ್ಸಿಗಾಗಿ ಮಾಡುವ ಗುಡ್‌ಮನ್ ತಿದ್ದುಪಡಿಯನ್ನು ನಾನು ಹಾಕಲಿಲ್ಲ, ಏರಿಳಿತವನ್ನಷ್ಟೇ ನಂಬಿದೆ.

ಬ್ರಾಕೆಟ್ಟಿಗೆ ಗಸೆಟ್ (ಬಲ ಕೊಡುವ ಮೂಲೆ ತಗಡು) ಸೇರಿಸಿ ಸ್ಟ್ರೆಸ್ಸನ್ನು ಶೇ 20ರಷ್ಟು ಇಳಿಸಿದ್ದೇವೆ. ಘನದ ಲೆಕ್ಕದಲ್ಲಿ ಆಯುಷ್ಯ ಹೆಚ್ಚುಕಡಿಮೆ ಇಮ್ಮಡಿ. ಈಗ ಹೊಸ ಗಾಡಿಯ ಆರ್ಡರ್ ಬಂದರೆ ಟನ್ನಿನ ಜೊತೆಗೆ ಗಾಡಿ ಓಡುವ ರಸ್ತೆ ಯಾವುದೆಂದೂ ಕೇಳಿ ಬರೆದುಕೊಳ್ಳುತ್ತೇನೆ.