ಎಳೆ ಒಂದು, ಹಾಡು ಇಪ್ಪತ್ತೆರಡು: ಗೆಳೆಯರ ಜತೆ ಪ್ಲೇಲಿಸ್ಟ್ ಕಟ್ಟುವುದು ಹೇಗೆ?

‘ಈ ಸಲ ಮಳೆ ಹಾಡು’ ಎಂದು ಒಬ್ಬರು ಗ್ರೂಪಿನಲ್ಲಿ ಬರೆಯುತ್ತಾರೆ. ಸಂಜೆಯೊಳಗೆ ನೂರಾರು ಹಾಡು ಬಂದು ಬೀಳುತ್ತವೆ. ಎಲ್ಲೋ ಒಂದು ಸಾಲಿನಲ್ಲಿ ‘ಮಳೆ’ ಎಂಬ ಪದ ಬಂದರೆ ಸಾಕು, ಆ ಹಾಡು ಪಟ್ಟಿಯೊಳಗೆ. ಒಂದೇ ಹಾಡು ಮೂರು ಸಲ ಇರುತ್ತದೆ. ಕುಣಿಯುವ ಹಾಡಿನ ಬೆನ್ನಿಗೇ ಅಳುವ ಹಾಡು ಬರುತ್ತದೆ. ಎರಡು ದಿನ ಕಳೆದ ಮೇಲೆ ಆ ಪಟ್ಟಿಯನ್ನು ಯಾರೂ ತೆರೆಯುವುದಿಲ್ಲ.

ಇಂಥ ಪಟ್ಟಿಗಳನ್ನು ತುಂಬಾ ನೋಡಿದ್ದೇನೆ. ಮಾಡಿದವರೆಲ್ಲ ಹಾಡು ಅಂದರೆ ಜೀವ ಬಿಡುವವರು. ಅವರ ಒಳ್ಳೊಳ್ಳೆಯ ಹಾಡುಗಳು ಹೀಗೆ ಗುಡ್ಡೆ ಬಿದ್ದಿರುವುದನ್ನು ನೋಡಿದರೆ ಸಂಕಟ ಆಗುತ್ತದೆ. ತಪ್ಪು ಆಗುವುದು ಎರಡು ಕಡೆ: ಹಾಡುಗಳನ್ನೆಲ್ಲ ಪೋಣಿಸುವ ಎಳೆಯನ್ನು ಆರಿಸುವಾಗ, ಮತ್ತೆ ಹಾಡುಗಳ ಸಾಲು ಕಟ್ಟುವಾಗ. ಉಳಿದದ್ದೆಲ್ಲ ಸುಲಭ.

ಹಂತ 1: ಜನ

ಮೂವರಿಂದ ಆರು ಮಂದಿ ಸಾಕು. ಅವರಲ್ಲಿ ಒಬ್ಬರು ಸಾಲು ಕಟ್ಟುವವರು, ಅಂದರೆ ಯಾವ ಹಾಡಿನ ಬೆನ್ನಿಗೆ ಯಾವುದು ಎಂದು ತೀರ್ಮಾನಿಸುವವರು. ಕೊನೆಯ ಮಾತು ಅವರದು. ಮುಂದಿನ ಪಟ್ಟಿಗೆ ಆ ಕೆಲಸ ಇನ್ನೊಬ್ಬರಿಗೆ ಹೋಗಲಿ.

ಹಂತ 2: ಎಳೆ

ಇಲ್ಲಿ ಒಂದು ಸಂಜೆ ಪೂರ್ತಿ ಕಳೆದರೂ ನಷ್ಟ ಇಲ್ಲ.

ಎಳೆ ಎಂದರೆ ಒಂದು ಪದ ಅಲ್ಲ, ಒಂದು ಪೂರ್ತಿ ವಾಕ್ಯ. ‘ಮಳೆ’ ಎಂದರೆ ಪದ. ‘ಮಳೆ ನಿಂತ ಮೇಲೆ ಹಾಡುವ ಹಾಡು’ ಎಂದ ತಕ್ಷಣ ತಲೆಯಲ್ಲಿರುವ ನೂರು ಹಾಡುಗಳಲ್ಲಿ ತೊಂಬತ್ತು ತಾವಾಗಿ ದೂರ ಸರಿಯುತ್ತವೆ. ಉಳಿದ ಹತ್ತನ್ನು ನೀವು ಹೊಸದಾಗಿ ಕೇಳಲು ಶುರು ಮಾಡುತ್ತೀರಿ. ಎಷ್ಟೋ ವರ್ಷದಿಂದ ಕೇಳಿದ ಹಾಡಿನಲ್ಲಿ ಮಳೆ ಬರುತ್ತಿದೆಯೋ ನಿಂತಿದೆಯೋ ಎಂದು ಮೊದಲ ಸಲ ಗಮನಿಸುತ್ತೀರಿ. ಗೆಳೆಯರ ಜತೆ ಪಟ್ಟಿ ಕಟ್ಟುವುದರ ದೊಡ್ಡ ಸುಖ ಇದೇ.

ವಾಕ್ಯ ಸಿಕ್ಕಿದೆ ಅನ್ನಿಸಿದ ಮೇಲೆ ಹಾಡು ಸೇರಿಸಲು ಓಡಬೇಡಿ. ಮೊದಲು ಅಂಚಿನ ಹಾಡುಗಳನ್ನು ಇಟ್ಟು ನೋಡಿ. ಪ್ರತಿಯೊಬ್ಬರೂ ಒಂದೊಂದು ಹಾಡು ತರಬೇಕು. ಅದು ಎಳೆಗೆ ಸೇರುತ್ತದೋ ಇಲ್ಲವೋ ಎಂದು ಅವರಿಗೇ ಅನುಮಾನ ಇರಬೇಕು. ಒಂದೊಂದನ್ನೂ ಎಲ್ಲರೂ ಕೂತು ಕೇಳಿ. ಒಳಗೋ ಹೊರಗೋ ಎಂದು ತೀರ್ಮಾನ ಮಾಡಿ. ಪ್ರತಿ ತೀರ್ಮಾನಕ್ಕೂ ವಾಕ್ಯ ಸ್ವಲ್ಪ ಸ್ವಲ್ಪ ಬಿಗಿಯಾಗುತ್ತದೆ.

ನಮ್ಮ ಗುಂಪು ಒಮ್ಮೆ ‘ಕಾಯುವ ಹಾಡುಗಳು’ ಎಂದು ಹೊರಟಿತು. ಅಂಚಿಗೆ ಬಂದ ಮೊದಲ ಹಾಡಿನಲ್ಲಿ ಕಾಯುತ್ತಿದ್ದವಳು ತಾಯಿ. ಪ್ರೇಮಿಯೇ ಕಾಯಬೇಕು ಅಂತ ಏನಿಲ್ಲ ಅಲ್ವಾ? ಒಳಗೆ. ಎರಡನೆಯದು ಮಾತೇ ಇಲ್ಲದ ಕೊಳಲಿನ ತುಣುಕು. ಕೇಳಿದರೆ ಕಾಯುವ ಹಾಗೇ ಇತ್ತು. ಆದರೆ ಯಾರು ಕಾಯುತ್ತಿದ್ದಾರೆ ಎಂದು ಕೇಳಿದಾಗ ಉತ್ತರ ಇರಲಿಲ್ಲ. ಹೊರಗೆ. ಮೂರನೆಯದರಲ್ಲಿ ಕೊನೆಯ ಚರಣದಲ್ಲಿ ಬರಬೇಕಾದವನು ಬಂದೇ ಬಿಡುತ್ತಾನೆ. ಅದರ ಮೇಲೆ ಒಂದು ಗಂಟೆ ಮಾತಾಯಿತು. ಕೊನೆಗೆ ಅದೂ ಹೊರಗೆ. ಆಗ ನಮ್ಮ ವಾಕ್ಯ ಹೀಗಾಯಿತು: ‘ಹಾಡುವವರು ಕಾಯುತ್ತಿದ್ದಾರೆ, ಹಾಡು ಮುಗಿದರೂ ಬರಬೇಕಾದವರು ಬರುವುದಿಲ್ಲ.’ ಆ ಮೂರನೆಯ ಹಾಡನ್ನು ಮರೆಯಬೇಡಿ, ಮುಂದೆ ಅದರ ಕೆಲಸ ಇದೆ.

ಎಳೆ ಸಾಹಿತ್ಯದಲ್ಲೇ ಇರಬೇಕು ಎಂದೇನೂ ಇಲ್ಲ. ಸದ್ದಿನಲ್ಲೂ ಇರಬಹುದು: ಶಿಳ್ಳೆಯಿಂದ ಶುರುವಾಗುವ ಹಾಡುಗಳು, ತಾಳವಾದ್ಯವೇ ಇಲ್ಲದ ಹಾಡುಗಳು. ಕಟ್ಟಿದ ರೀತಿಯಲ್ಲೂ ಇರಬಹುದು: ಪಲ್ಲವಿ ಮತ್ತೆ ತಿರುಗಿ ಬಾರದ ಹಾಡುಗಳು, ಇಬ್ಬರು ಹಾಡಿಯೂ ಒಂದು ಸಾಲನ್ನೂ ಒಟ್ಟಿಗೆ ಹಾಡದ ಯುಗಳ ಗೀತೆಗಳು. ರಾಗದ ಎಳೆ ನನಗೆ ತುಂಬಾ ಇಷ್ಟ. ಕರ್ನಾಟಕ ಸಂಗೀತದ ಮೋಹನ, ಹಿಂದೂಸ್ತಾನಿಯ ಭೂಪ್, ಎರಡರದ್ದೂ ಅದೇ ಐದು ಸ್ವರ: ಸ ರಿ ಗ ಪ ದ. ಚೀನಾದ ಹಳೆಯ ಧಾಟಿಗಳಲ್ಲೂ ಸ್ಕಾಟ್ಲೆಂಡಿನ ಜನಪದ ಹಾಡುಗಳಲ್ಲೂ ಈ ಐದು ಸ್ವರಗಳು ಸಿಗುತ್ತವೆ. ‘ಈ ಐದೇ ಸ್ವರ, ಆರನೆಯದು ಬಂದರೆ ಹೊರಗೆ’ ಎಂಬ ಎಳೆ ಹಿಡಿದರೆ ಸಿನಿಮಾ ಹಾಡಿನ ಪಕ್ಕದಲ್ಲಿ ದೂರದೇಶದ ಜೋಗುಳ ಕೂತುಕೊಳ್ಳುತ್ತದೆ. ಆದರೆ ಗುಂಪಿನಲ್ಲಿ ಸ್ವರ ಗುರುತಿಸುವವರು ಒಬ್ಬರಾದರೂ ಇರಬೇಕು.

ಬೇಡವೇ ಬೇಡದ ಎಳೆಗಳೂ ಇವೆ. ‘ಖುಷಿ’, ‘ಪ್ರೀತಿ’, ‘ಪ್ರಯಾಣಕ್ಕೆ’, ‘90ರ ದಶಕ’. ಇವುಗಳಿಗೆ ಅಂಚೇ ಇಲ್ಲ. ಎಲ್ಲ ಹಾಡೂ ಒಳಗೆ ಬರುತ್ತದೆ.

ಹಂತ 3: ಹಾಡು ತರುವುದು

ಒಬ್ಬೊಬ್ಬರು ಐದೋ ಆರೋ ಹಾಡು, ಪ್ರತಿ ಹಾಡಿಗೂ ಒಂದು ಸಾಲಿನ ಕಾರಣ. ‘ಸಖತ್ ಹಾಡು’ ಎಂಬುದು ಕಾರಣ ಆಗುವುದಿಲ್ಲ. ‘ಎರಡನೆಯ ಚರಣದಲ್ಲಿ ಬಾಗಿಲ ಸದ್ದು ಕೇಳಿ ಅವಳು ಹಾಡು ನಿಲ್ಲಿಸುತ್ತಾಳೆ’ ಎಂಬುದು ಕಾರಣ.

ಹಾಡುಗಳನ್ನು ಗ್ರೂಪಿನಲ್ಲಿ ಹಾಕಬೇಡಿ. ಸಾಲು ಕಟ್ಟುವವರಿಗೆ ಮಾತ್ರ ಕಳಿಸಿ. ಮೊದಲ ಹಾಡು ಎಲ್ಲರ ಕಣ್ಣಿಗೆ ಬಿದ್ದರೆ ಉಳಿದವರೆಲ್ಲ ಅದೇ ಕಾಲದ, ಅದೇ ಗಾಯಕರ ಹಾಡಿನ ಕಡೆಗೆ ಜಾರುತ್ತಾರೆ. ಇದನ್ನು ಎಷ್ಟು ಸಲ ನೋಡಿದ್ದೇನೋ.

ಆ್ಯಪ್ ತಾನಾಗಿ ‘ಇದನ್ನೂ ಸೇರಿಸಿ’ ಎಂದು ತೋರಿಸುವ ಹಾಡುಗಳ ಕಡೆ ನೋಡಲೇಬೇಡಿ. ಬೇರೆಯವರು ಯಾವ ಹಾಡುಗಳನ್ನು ಜತೆಯಾಗಿ ಕೇಳಿದ್ದಾರೆ, ಯಾವುದರ ಸದ್ದು ಯಾವುದಕ್ಕೆ ಹತ್ತಿರ ಎಂಬುದನ್ನು ಅದು ಲೆಕ್ಕ ಹಾಕಬಹುದು. ನೀವು ಗಂಟೆಗಟ್ಟಲೆ ಕೂತು ಮಾಡಿದ ವಾಕ್ಯ ಅದಕ್ಕೆ ಗೊತ್ತಿಲ್ಲ.

ಯಾವ ರೂಪ ಎಂಬುದನ್ನೂ ನೋಡಿ. ಒಂದೇ ಹೆಸರಿನಲ್ಲಿ ಮೂಲ ಹಾಡು, ಬೇರೆಯವರು ಹಾಡಿದ್ದು, ಕರೋಕೆ, ರೀಮಿಕ್ಸ್, ವೇಗ ಇಳಿಸಿ ಗುಂಯ್‌ಗುಡುವ ಹಾಗೆ ಮಾಡಿದ್ದು, ಎಲ್ಲ ಇರುತ್ತವೆ. ಈ ಕೊನೆಯದನ್ನು ನಾನು ಯಾವ ಪಟ್ಟಿಗೂ ಬಿಡುವುದಿಲ್ಲ. ಹಾಡಿದವರ ಉಸಿರೇ ಅದರಲ್ಲಿ ಬದಲಾಗಿರುತ್ತದೆ. ಯೂಟ್ಯೂಬಿನ ಜ್ಯೂಕ್‌ಬಾಕ್ಸ್ ವಿಡಿಯೊಗಳೂ ಬೇಡ. ಹತ್ತು ಹಾಡು ಅಂಟಿಸಿದ ಒಂದು ಗಂಟೆಯ ವಿಡಿಯೊದಿಂದ ಒಂದು ಹಾಡನ್ನು ಮಾತ್ರ ಪಟ್ಟಿಗೆ ಎತ್ತಿಕೊಳ್ಳಲು ಆಗುವುದಿಲ್ಲ.

ಹಂತ 4: ಬಿಡುವುದು

ಹಾಡು ಚೆನ್ನಾಗಿದೆಯಾ ಎಂಬ ಮಾತೇ ಬೇಡ. ವಾಕ್ಯಕ್ಕೆ ಸೇರುತ್ತದಾ ಎಂಬುದೊಂದೇ ಪ್ರಶ್ನೆ. ಆಗ ಯಾರಿಗೂ ನೋವಾಗುವುದಿಲ್ಲ. ವಾಕ್ಯಕ್ಕೆ ಸೇರಿದ ಹಾಡುಗಳಲ್ಲಿ ಒಬ್ಬೊಬ್ಬರಿಗೂ ಒಂದನ್ನು ‘ಇದನ್ನು ತೆಗೆಯುವ ಹಾಗಿಲ್ಲ’ ಎಂದು ಹಿಡಿದುಕೊಳ್ಳುವ ಹಕ್ಕು ಇರಲಿ.

ಹಂತ 5: ಎಷ್ಟು ಉದ್ದ?

1963ರಲ್ಲಿ ಫಿಲಿಪ್ಸ್ ಕಂಪನಿ ಕ್ಯಾಸೆಟ್ ತಂದಿತು. ಸಿ-60 ಕ್ಯಾಸೆಟ್ಟಿನಲ್ಲಿ ಬದಿಗೆ 30 ನಿಮಿಷ, ಸಿ-90ಯಲ್ಲಿ ಬದಿಗೆ 45 ನಿಮಿಷ. ಗೆಳೆಯರಿಗೆ ಹಾಡು ತುಂಬಿಸಿ ಕೊಡುತ್ತಿದ್ದವರಿಗೆ ಈ ಲೆಕ್ಕ ಬಾಯಿಪಾಠ. ಜಾಗ ಕಡಿಮೆ ಇದ್ದುದರಿಂದಲೇ ಅವರು ಅಷ್ಟು ಯೋಚಿಸಿ ಆರಿಸುತ್ತಿದ್ದರು. ಈಗ ಸ್ಪಾಟಿಫೈಯ ಒಂದು ಪಟ್ಟಿಯಲ್ಲಿ 10,000 ಹಾಡು ಹಿಡಿಯುತ್ತವೆ. ಆ ಜಾಗ ನಮಗೆ ಬೇಡ.

ಸಿ-90ಯ ಅಳತೆಯನ್ನೇ ಇಟ್ಟುಕೊಳ್ಳಿ. ಹಾಡಿಗೆ ನಾಲ್ಕು ನಿಮಿಷ ಎಂದು ಹಿಡಿದರೆ ಬದಿಗೆ ಹನ್ನೊಂದು, ಒಟ್ಟು ಇಪ್ಪತ್ತೆರಡು. ಅದಕ್ಕಿಂತ ಜಾಸ್ತಿ ಬಂದರೆ ಎರಡನೆಯ ಪಟ್ಟಿ ಮಾಡಿ.

ಹಂತ 6: ಸಾಲು ಕಟ್ಟುವುದು

ಹೆಚ್ಚಿನವರು ಈ ಹಂತವನ್ನೇ ಬಿಟ್ಟುಬಿಡುತ್ತಾರೆ. ಸೇರಿಸಿದ ಕ್ರಮದಲ್ಲೇ ಹಾಡುಗಳು ಉಳಿಯುತ್ತವೆ. ಇದು ತಾಳ್ಮೆಯ ಕೆಲಸ. ಎರಡು ಮೂರು ದಿನ ತೆಗೆದುಕೊಳ್ಳಿ.

ಮೊದಲು ವೇಗ ಬರೆದುಕೊಳ್ಳಿ. ಹಾಡು ಹಾಕಿ, ತಾಳಕ್ಕೆ ಸರಿಯಾಗಿ ಚಪ್ಪಾಳೆ ತಟ್ಟುತ್ತಾ 15 ಸೆಕೆಂಡು ಎಣಿಸಿ, ನಾಲ್ಕರಿಂದ ಗುಣಿಸಿ. 18 ಚಪ್ಪಾಳೆ ಬಂದರೆ ನಿಮಿಷಕ್ಕೆ 72. ಇಲ್ಲಿ ಒಂದು ಎಡವಟ್ಟು ಆಗುತ್ತದೆ: ಅದೇ ಹಾಡನ್ನು ಒಬ್ಬರು 72 ಎಂದರೆ ಇನ್ನೊಬ್ಬರು 144 ಎನ್ನಬಹುದು. ಇಬ್ಬರದೂ ಸರಿ. ನಡೆಯುವಾಗ ಕಾಲು ಯಾವುದಕ್ಕೆ ಬೀಳುತ್ತದೋ ಅದನ್ನು ಬರೆಯಿರಿ. ಅಕ್ಕಪಕ್ಕದ ಹಾಡುಗಳ ನಡುವೆ 15ಕ್ಕಿಂತ ದೊಡ್ಡ ಜಿಗಿತ ಪದೇ ಪದೇ ಬೇಡ. ಇಡೀ ಪಟ್ಟಿಯಲ್ಲಿ ಅಂಥ ಜಿಗಿತ ಎರಡು ಸಲ ಬಂದರೆ ಚೆಂದ, ಐದು ಸಲ ಬಂದರೆ ಸುಸ್ತು.

ಆಮೇಲೆ ಬೆಸುಗೆ ನೋಡಿ. ಒಂದು ಹಾಡಿನ ಕೊನೆಯ 20 ಸೆಕೆಂಡು, ಮುಂದಿನ ಹಾಡಿನ ಮೊದಲ 20 ಸೆಕೆಂಡು. ಇಷ್ಟನ್ನೇ ಕೇಳಿ. ಇಪ್ಪತ್ತೆರಡು ಹಾಡಿಗೆ ಇಪ್ಪತ್ತೊಂದು ಬೆಸುಗೆ. ಒಟ್ಟು 14 ನಿಮಿಷದ ಕೆಲಸ, ಆದರೆ ಇದರಲ್ಲೇ ಪಟ್ಟಿಯ ಪ್ರಾಣ ಇದೆ.

ಬೆಸುಗೆಯಲ್ಲಿ ಮೊದಲು ಶ್ರುತಿ. ಹಾಡು ಮುಗಿದ ಸ್ವರವನ್ನು ಸುಮ್ನೆ ಗುನುಗುತ್ತಾ ಇರಿ. ಮುಂದಿನ ಹಾಡು ಶುರುವಾದಾಗ ನಿಮ್ಮ ಗುನುಗು ಅದಕ್ಕೆ ಒಗ್ಗಿತಾ, ಕಿರಿಕಿರಿ ಆಯಿತಾ? ಕಿರಿಕಿರಿ ಆದರೆ ಜೋಡಿ ಬದಲಿಸಿ. ಬದಲಿಸಲು ಆಗದಿದ್ದರೆ ನಡುವೆ ಡೋಲು, ಮಾತು ಅಥವಾ ಬರೀ ತಾಳದಿಂದ ಶುರುವಾಗುವ ಹಾಡು ಇಡಿ. ಅಷ್ಟರಲ್ಲಿ ಕಿವಿ ಹಳೆಯ ಶ್ರುತಿಯನ್ನು ಮರೆತಿರುತ್ತದೆ.

ಮುಗಿಯುವ ರೀತಿಯೂ ಮುಖ್ಯ. ಕೆಲವು ಹಾಡು ಮೆಲ್ಲಗೆ ಕರಗಿ ಹೋಗುತ್ತವೆ. ಕೆಲವು ಥಟ್ಟನೆ ನಿಲ್ಲುತ್ತವೆ. ಥಟ್ಟನೆ ನಿಂತದ್ದರ ಬೆನ್ನಿಗೆ ಒಂಟಿ ದನಿಯ ಆಲಾಪ ಬಂದರೆ ಮೈ ಝುಂ ಅನ್ನುತ್ತದೆ. ಕರಗಿದ್ದರ ಬೆನ್ನಿಗೆ ಇನ್ನೊಂದು ಮೆಲ್ಲಗೆ ಏಳುವ ಹಾಡು ಬಂದರೆ ನಡುವೆ ಖಾಲಿ ಬಿದ್ದ ಹಾಗಾಗುತ್ತದೆ. ಅಲ್ಲಿ ಸ್ಪಷ್ಟವಾಗಿ ಶುರುವಾಗುವ ಹಾಡು ಇಡಿ.

ಹಳೆಯ ಧ್ವನಿಮುದ್ರಣ ಮೆತ್ತಗಿರುತ್ತದೆ. ಹೊಸ ಹಾಡುಗಳನ್ನು ಜೋರಾಗಿ ಕೇಳುವ ಹಾಗೆ ಒತ್ತಿ ಮಾಡಿರುತ್ತಾರೆ. ಹಳೆಯದರ ಬೆನ್ನಿಗೇ ಹೊಸದು ಬಂದರೆ ಕಿವಿಗೆ ಹೊಡೆದ ಹಾಗಾಗುತ್ತದೆ. ಆ್ಯಪಿನ ಸೆಟ್ಟಿಂಗ್ಸ್‌ನಲ್ಲಿ ಸದ್ದು ಸಮ ಮಾಡುವ ಆಯ್ಕೆ ಇದ್ದರೆ ಆನ್ ಮಾಡಿ. ಆದರೂ ಹಳೆಯ ಹಾಡುಗಳನ್ನು ಮೂರು ನಾಲ್ಕರ ಗುಂಪಾಗಿ ಇಡುವುದೇ ಒಳ್ಳೆಯದು. ಕಿವಿ ಆ ಕಾಲಕ್ಕೆ ಹೊಂದಿಕೊಳ್ಳಲು ಒಂದು ಹಾಡು ಸಾಲದು. ಒಂದು ಹಾಡನ್ನು ಇನ್ನೊಂದರ ಮೇಲೆ ಹರಿಸುವ ಕ್ರಾಸ್‌ಫೇಡ್ ಮಾತ್ರ ಆಫ್ ಇರಲಿ. ಸ್ಪಾಟಿಫೈಯಲ್ಲಿ ಅದನ್ನು 12 ಸೆಕೆಂಡಿನವರೆಗೆ ಏರಿಸಬಹುದು. ಅಷ್ಟು ಏರಿಸಿದರೆ ನೀವು ಕಷ್ಟಪಟ್ಟು ಮಾಡಿದ ಬೆಸುಗೆ ಒಂದೂ ಉಳಿಯುವುದಿಲ್ಲ.

ಇನ್ನು ಜಾಗಗಳು. ಮೊದಲ ಹಾಡು ಎಳೆಯನ್ನು ತುಂಬಾ ಸ್ಪಷ್ಟವಾಗಿ ಹೇಳುವಂಥದ್ದಾಗಿರಲಿ. ನಿಮ್ಮ ಅತಿ ಪ್ರೀತಿಯ ಹಾಡು ನಾಲ್ಕನೆಯದೋ ಐದನೆಯದೋ ಆಗಲಿ. ಅಷ್ಟರಲ್ಲಿ ಕೇಳುವವರು ಪಟ್ಟಿಯೊಳಗೆ ಬಂದಿರುತ್ತಾರೆ. ಒಬ್ಬ ಗಾಯಕರಿಗೆ ಎರಡೇ ಹಾಡು, ಒಂದು ಈ ಬದಿಗೆ, ಒಂದು ಆ ಬದಿಗೆ. ಹನ್ನೆರಡನೆಯ ಹಾಡಿನಿಂದ ಬದಿ ಬದಲು. ಅಲ್ಲಿ ವೇಗವನ್ನೋ ಕಾಲವನ್ನೋ ಬದಲಿಸಿ.

ಕೊನೆಯ ಜಾಗದಲ್ಲಿ ಎಳೆಯನ್ನು ಮುರಿಯುವ ಒಂದೇ ಒಂದು ಹಾಡು ಇಡಿ. ನಮ್ಮ ಕಾಯುವ ಪಟ್ಟಿಯಲ್ಲಿ, ಹೊರಗೆ ಹೋಗಿದ್ದ ಆ ಮೂರನೆಯ ಹಾಡನ್ನು ಇಪ್ಪತ್ತೆರಡನೆಯದಾಗಿ ಇಟ್ಟೆವು. ಇಪ್ಪತ್ತೊಂದು ಹಾಡಿನಲ್ಲಿ ಯಾರೂ ಬರಲಿಲ್ಲ. ಕೊನೆಯದರಲ್ಲಿ ಬಂದರು. ಮೊದಲ ಸಲ ಒಟ್ಟಿಗೆ ಕೂತು ಕೇಳಿದಾಗ ನಮ್ಮಲ್ಲಿ ಇಬ್ಬರು ಅತ್ತರು.

ಹಂತ 7: ಆ್ಯಪ್

ಸ್ಪಾಟಿಫೈ, ಯೂಟ್ಯೂಬ್, ಆ್ಯಪಲ್ ಮ್ಯೂಸಿಕ್ ಮೂರರಲ್ಲೂ ಹಲವರು ಸೇರಿ ಮಾಡುವ ಪ್ಲೇಲಿಸ್ಟ್ ಇದೆ. ಎಲ್ಲರ ಹತ್ತಿರ ಇರುವುದನ್ನು ಆರಿಸಿ. ಬೇರೆ ಬೇರೆ ಆ್ಯಪ್ ಇದ್ದರೆ ಹಾಡಿನ ಹೆಸರು, ಹಾಡಿದವರು, ಆಲ್ಬಂ, ವರ್ಷ ಬರೆದ ಒಂದು ಹಾಳೆ ಇಟ್ಟುಕೊಂಡು ಅವರವರೇ ಕಟ್ಟಿಕೊಳ್ಳಿ. ಪಾಸ್‌ವರ್ಡ್ ಕೇಳಿ ‘ಪಟ್ಟಿ ಸಾಗಿಸಿ ಕೊಡುತ್ತೇವೆ’ ಎನ್ನುವ ಸೈಟುಗಳ ಸಹವಾಸ ಬೇಡ. ಮೂಲ ಹಾಡಿನ ಜಾಗದಲ್ಲಿ ಕರೋಕೆ ತಂದು ಕೂರಿಸಿದ್ದನ್ನೂ ನೋಡಿದ್ದೇನೆ.

ಕೆಲವು ಆ್ಯಪ್‌ಗಳಲ್ಲಿ ಇಂಥ ಪಟ್ಟಿಗೆ ಹಾಡು ಸೇರಿಸಲು ಬರುವವರಿಗೆ ಬೇರೆಯವರ ಹಾಡನ್ನು ಅಳಿಸಲೂ ಬರುತ್ತದೆ. ಒಮ್ಮೆ ಯಾರದೋ ಬೆರಳು ತಾಗಿ ನಮ್ಮ ಒಂಬತ್ತು ಹಾಡು ಹೋದವು. ಕ್ರಮವನ್ನು ಯಾರೂ ಬರೆದಿಟ್ಟಿರಲಿಲ್ಲ. ಸಾಲು ಮುಗಿದ ದಿನವೇ ಸ್ಕ್ರೀನ್‌ಶಾಟ್ ತೆಗೆಯಿರಿ, ಒಂದು ನಕಲು ಪಟ್ಟಿ ಮಾಡಿಡಿ, ಬೇರೆಯವರು ತಿದ್ದುವ ಅವಕಾಶವನ್ನು ಮುಚ್ಚಿ.

ಪಟ್ಟಿಯ ವಿವರದಲ್ಲಿ ನಿಮ್ಮ ವಾಕ್ಯವನ್ನು ಬರೆಯಿರಿ. ಅದರ ಕೆಳಗೆ ‘ಶಫಲ್ ಬೇಡ, ಮೊದಲಿಂದ ಕೇಳಿ’ ಎಂದು ಸೇರಿಸಿ.

ಹಂತ 8: ಕೇಳುವುದು

ಮೊದಲ ಸಲ ಎಲ್ಲರೂ ಒಟ್ಟಿಗೆ, ಒಂದೇ ಕೋಣೆಯಲ್ಲಿ, ಮೊಬೈಲ್ ದೂರ ಇಟ್ಟು ಕೇಳಿ. ಹಾಡು ಮುಗಿದಾಗ ಅದನ್ನು ತಂದವರು ತಮ್ಮ ಒಂದು ಸಾಲಿನ ಕಾರಣ ಹೇಳಲಿ.

ಆಮೇಲೆ ಮೂರು ತಿಂಗಳಿಗೊಮ್ಮೆ ಪಟ್ಟಿ ತೆರೆದು ನೋಡಿ. ಆ್ಯಪ್‌ಗಳಿಗೆ ಹಾಡಿನ ಹಕ್ಕು ತಪ್ಪಿದರೆ ಹಾಡು ಮಸುಕಾಗಿ ಕಾಣುತ್ತದೆ ಅಥವಾ ಮಾಯವಾಗುತ್ತದೆ. ಆ ಜಾಗಕ್ಕೆ ಸಿಕ್ಕಿದ್ದನ್ನು ತುಂಬಬೇಡಿ. ಅದೇ ಹಾಡು ಇನ್ನೊಂದು ಆಲ್ಬಮಿನಲ್ಲಿ ಇದೆಯಾ ಹುಡುಕಿ. ಇಲ್ಲದಿದ್ದರೆ ಅದನ್ನು ತಂದವರಿಗೇ ಫೋನ್ ಮಾಡಿ, ಬದಲಿಗೆ ಇನ್ನೊಂದು ಕೇಳಿ, ಅದರ ಎರಡೂ ಬದಿಯ ಬೆಸುಗೆಯನ್ನು ಮತ್ತೆ ನೋಡಿ.